ಕಾವು ತಾಗಿದಾಗ ಎಚ್ಚರಗೊಳ್ಳುವ ವಂಶವಾಹಿ

ಇಟಲಿಯ ನೇಪಲ್ಸ್ ನಗರದ ಪ್ರಯೋಗಾಲಯವೊಂದರಲ್ಲಿ 1960ರ ದಶಕದ ಆರಂಭದಲ್ಲಿ ನಡೆದ ಸಂಗತಿ ಇದು. ಫೆರುಚಿಯೊ ರಿಟೋಸಾ ಎಂಬ ತರುಣ ತಳಿವಿಜ್ಞಾನಿ ಹಣ್ಣಿನ ನೊಣದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಆ ದಿನ ವರ್ಣತಂತುಗಳು ಎಂದಿನಂತೆ ಇರಲಿಲ್ಲ. ಹಿಂದೆ ಕಾಣದ ಜಾಗಗಳಲ್ಲಿ ಅವು ಉಬ್ಬಿಕೊಂಡಿದ್ದವು. ಕಾರಣ ಹುಡುಕಿದಾಗ ತಿಳಿದದ್ದು ತೀರ ಸಣ್ಣ ವಿಷಯ. ಜೊತೆಯಲ್ಲಿದ್ದ ಯಾರೋ ಒಬ್ಬರು ಕಾವುಪೆಟ್ಟಿಗೆಯ ಶಾಖವನ್ನು ಏರಿಸಿಬಿಟ್ಟಿದ್ದರು.

ಇಂಥ ಎಡವಟ್ಟಾದಾಗ ಮಾದರಿಯನ್ನು ಚೆಲ್ಲಿ, ಪೆಟ್ಟಿಗೆಯನ್ನು ಸರಿಪಡಿಸಿ, ಕೆಲಸವನ್ನು ಮೊದಲಿನಿಂದ ಆರಂಭಿಸುವುದೇ ವಾಡಿಕೆ. ರಿಟೋಸಾ ಹಾಗೆ ಮಾಡಲಿಲ್ಲ. ಅದೇ ಎಡವಟ್ಟನ್ನು ಬೇಕೆಂದೇ ಮತ್ತೆ ಮತ್ತೆ ಮಾಡಿನೋಡಿದರು. ಪ್ರತಿ ಸಲವೂ ಅದೇ ಜಾಗಗಳು ಉಬ್ಬಿದವು.

ಈ ಕಾವುಪೆಟ್ಟಿಗೆಯ ಪ್ರಸಂಗಕ್ಕೂ ಇಂದು ನಾವು ಮನೆಮನೆಯಲ್ಲಿ ಕೇಳುತ್ತಿರುವ ಆಲ್‌ಜೈಮರ್, ಪಾರ್ಕಿನ್ಸನ್‌ನಂಥ ಕಾಯಿಲೆಗಳಿಗೂ ಸಂಬಂಧವಿದೆ ಎಂದರೆ ತಟ್ಟನೆ ನಂಬುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ 70 ಲಕ್ಷ ಮಂದಿ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆಯಿಂದ ಬಳಲುತ್ತಿದ್ದರು. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಮಿದುಳಿನ ಜೀವಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವ ಈ ರೋಗಗಳಿಗೆ ಇಂದಿಗೂ ಪೂರ್ತಿ ಗುಣಪಡಿಸುವ ಔಷಧವಿಲ್ಲ. ಹಾಗಾದರೆ ಜೀವಕೋಶಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯವೇ ಇಲ್ಲವೆ? ಇದೆ. ಆ ಉಪಾಯದ ಮೊದಲ ಸುಳಿವು ಸಿಕ್ಕಿದ್ದು ನೇಪಲ್ಸ್‌ನ ಆ ಪೆಟ್ಟಿಗೆಯಲ್ಲಿ. ಅದರ ಬೀಗದಕೈ ಇರುವುದು ‘ಎಚ್‌ಎಸ್‌ಎಫ್-1’ ಎಂಬ ವಂಶವಾಹಿಯ ಬಳಿ. ಈ ಬೀಗದಕೈ ಸಿಕ್ಕಿಯೂ ಔಷಧ ಕೈಗೆ ಏಕೆ ಬಂದಿಲ್ಲ ಎಂಬುದು ಅರ್ಥವಾಗಬೇಕಾದರೆ ಕಥೆಯನ್ನು ಮೊದಲಿನಿಂದ ನೋಡಬೇಕು.

ಉಬ್ಬಿದ ವರ್ಣತಂತು

ಹಣ್ಣಿನ ನೊಣ ನಮ್ಮ ಅಡುಗೆಮನೆಗಳಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಪುಟ್ಟ ನೊಣ. ವಿಜ್ಞಾನಿಗಳು ಅದನ್ನು ಡ್ರೊಸೊಫಿಲಾ ಎನ್ನುತ್ತಾರೆ. ಅದರ ಮರಿಹುಳುವಿನ ಲಾಲಾಗ್ರಂಥಿಯಲ್ಲಿರುವ ವರ್ಣತಂತುಗಳು ಬಹಳ ದಪ್ಪ. ಸಾಧಾರಣ ಸೂಕ್ಷ್ಮದರ್ಶಕದಲ್ಲೂ ಅವುಗಳ ಮೇಲಿನ ಅಡ್ಡಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಈ ಪಟ್ಟೆಗಳ ಕೆಲವು ಭಾಗ ಆಗಾಗ ಉಬ್ಬಿ, ಬಳಿಕ ಇಳಿಯುವುದುಂಟು. ಜರ್ಮನಿಯ ವೋಲ್ಫ್‌ಗಾಂಗ್ ಬೀರ್ಮನ್ ಈ ಉಬ್ಬುಗಳ ಅರ್ಥವನ್ನು 1952ರಲ್ಲಿ ವಿವರಿಸಿದರು. ಉಬ್ಬಿರುವ ಜಾಗದಲ್ಲಿ ವಂಶವಾಹಿ ಕೆಲಸ ಮಾಡುತ್ತಿದೆ, ಇಳಿದಿರುವ ಜಾಗದಲ್ಲಿ ಅದು ಮಲಗಿದೆ ಎಂಬುದು ಅವರ ತರ್ಕ.

ಹೀಗಾಗಿ ರಿಟೋಸಾ ಕಂಡದ್ದರ ಅರ್ಥ ದೊಡ್ಡದಿತ್ತು. ಶಾಖವನ್ನು ಕೆಲವು ಡಿಗ್ರಿ ಏರಿಸಿದ ಮಾತ್ರಕ್ಕೆ ಕೆಲವೇ ನಿಮಿಷಗಳಲ್ಲಿ ಮಲಗಿದ್ದ ವಂಶವಾಹಿಗಳು ಎದ್ದು ಕೂತಿದ್ದವು. ಜೀವಿಯ ಹೊರಗಿನ ವಾತಾವರಣ ಒಳಗಿನ ವಂಶವಾಹಿಯನ್ನು ನೇರವಾಗಿ ಕೆಲಸಕ್ಕೆ ಹಚ್ಚಬಲ್ಲದು ಎಂಬುದಕ್ಕೆ ಇದು ಕಣ್ಣಿಗೆ ಕಾಣುವ ಸಾಕ್ಷಿ. ಶಾಖವೊಂದೇ ಅಲ್ಲದೆ ಜೀವಕೋಶದ ಶಕ್ತಿ ಉತ್ಪಾದನೆಗೆ ಅಡ್ಡಿ ಮಾಡುವ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವೂ ಅದೇ ಉಬ್ಬುಗಳನ್ನು ಎಬ್ಬಿಸಿತು. ಅಂದರೆ ಈ ವಂಶವಾಹಿಗಳು ಕೇವಲ ಬಿಸಿಗಲ್ಲ, ಜೀವಕೋಶಕ್ಕೆ ಒದಗುವ ಸಂಕಟಕ್ಕೆ ಓಗೊಡುತ್ತವೆ ಎಂದಾಯಿತು.

ರಿಟೋಸಾ ಲೇಖನ ಬರೆದು ಹೆಸರಾಂತ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಜೀವಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಮಹತ್ವವಿಲ್ಲ ಎಂಬ ಕಾರಣ ಹೇಳಿ ಆ ಪತ್ರಿಕೆ ಅದನ್ನು ಹಿಂದಿರುಗಿಸಿತು. ಕೊನೆಗೆ 1962ರಲ್ಲಿ ‘ಎಕ್ಸ್‌ಪೀರಿಯೆಂಶಿಯಾ’ ಎಂಬ ಪತ್ರಿಕೆಯಲ್ಲಿ ಆ ಪುಟ್ಟ ಲೇಖನ ಬೆಳಕು ಕಂಡಿತು. ಮುಂದಿನ ಸುಮಾರು ಹನ್ನೆರಡು ವರ್ಷ ಅದರ ಸುದ್ದಿ ನೊಣಗಳ ವರ್ಣತಂತು ನೋಡುವ ಕೆಲವೇ ಮಂದಿಯ ನಡುವೆ ಉಳಿಯಿತು.

ಕಾವಲಿನ ಪ್ರೋಟೀನುಗಳು

ಉಬ್ಬಿದ ವಂಶವಾಹಿಗಳು ಏನನ್ನು ತಯಾರಿಸುತ್ತವೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1974ರಲ್ಲಿ. ಸ್ವಿಟ್ಸರ್ಲೆಂಡಿನ ಆಲ್‌ಫ್ರೆಡ್ ಟಿಸಿಯೆರ್ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಗೆ ಹೋಗಿ, ಅಲ್ಲಿನ ಹರ್ಷೆಲ್ ಮಿಚೆಲ್ ಅವರ ತಂಡದೊಂದಿಗೆ ಕೆಲಸ ಮಾಡಿದರು. ಬಿಸಿ ತಾಗಿದ ನೊಣದ ಜೀವಕೋಶಗಳು ಉಳಿದ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸಿ, ಕೆಲವೇ ಬಗೆಯ ಪ್ರೋಟೀನುಗಳನ್ನು ರಾಶಿ ರಾಶಿಯಾಗಿ ತಯಾರಿಸುವುದು ಅವರಿಗೆ ಕಂಡಿತು. ಇವುಗಳಿಗೆ ‘ಹೀಟ್ ಶಾಕ್ ಪ್ರೋಟೀನು’ ಎಂಬ ಹೆಸರು ಬಂತು. ಕನ್ನಡದಲ್ಲಿ ಕಾವಿನ ಆಘಾತದ ಪ್ರೋಟೀನು ಎನ್ನಬಹುದು. ಇವುಗಳ ಪೈಕಿ ಮುಖ್ಯವಾದುದು ಎಚ್‌ಎಸ್‌ಪಿ-70. ಅದರ ಅಣುಭಾರ ಸುಮಾರು 70 ಸಾವಿರವಾದ್ದರಿಂದ ಆ ಸಂಖ್ಯೆ.

1970ರ ದಶಕ ಮುಗಿಯುವ ಹೊತ್ತಿಗೆ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಕೋಳಿಯ ಜೀವಕೋಶಗಳಲ್ಲೂ ಇದೇ ಬಗೆಯ ಪ್ರೋಟೀನುಗಳು ಪತ್ತೆಯಾದವು. ಸಸ್ಯಗಳು ಮತ್ತು ಮನುಷ್ಯರೂ ಇದಕ್ಕೆ ಹೊರತಲ್ಲ ಎಂಬುದು ಸ್ವಲ್ಪದರಲ್ಲೇ ಗೊತ್ತಾಯಿತು. ಮಹತ್ವವಿಲ್ಲ ಎಂದು ಹಿಂದಿರುಗಿದ್ದ ವಿಷಯವನ್ನು ಚರ್ಚಿಸಲು 1982ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಒಂದು ಸಮ್ಮೇಳನವೇ ನಡೆಯಿತು.

ಈ ಪ್ರೋಟೀನುಗಳು ಮಾಡುವ ಕೆಲಸವೇನು ಎಂದು ತಿಳಿಯಲು ಅಡುಗೆಮನೆಯ ಒಂದು ಉದಾಹರಣೆ ಸಾಕು. ಕೋಳಿಮೊಟ್ಟೆಯ ತಿಳಿಯಾದ ಲೋಳೆ ಬೆಂದಾಗ ಬೆಳ್ಳಗೆ ಗಟ್ಟಿಯಾಗುತ್ತದೆ. ಲೋಳೆಯಲ್ಲಿ ಪ್ರೋಟೀನುಗಳು ಅಚ್ಚುಕಟ್ಟಾದ ಮಡಿಕೆಗಳಲ್ಲಿ ಸುತ್ತಿಕೊಂಡಿರುತ್ತವೆ. ಬಿಸಿ ತಾಗಿದಾಗ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಬೆಂದ ಮೊಟ್ಟೆಯನ್ನು ಮತ್ತೆ ಹಸಿ ಮಾಡಲು ಆಗುವುದಿಲ್ಲವಷ್ಟೆ. ನಮ್ಮ ಜೀವಕೋಶದ ಒಳಗೂ ಸಾವಿರಾರು ಬಗೆಯ ಪ್ರೋಟೀನುಗಳು ಕಿಕ್ಕಿರಿದಿವೆ. ಪ್ರತಿಯೊಂದೂ ತನ್ನದೇ ಆದ ರೀತಿಯಲ್ಲಿ ಮಡಿಚಿಕೊಂಡರೆ ಮಾತ್ರ ಕೆಲಸ ಮಾಡಬಲ್ಲದು. ಜಾತ್ರೆಯ ನೂಕುನುಗ್ಗಲಿನ ನಡುವೆ ನಿಂತು ಒಂಬತ್ತು ಗಜದ ಸೀರೆ ಮಡಿಚುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ಇನ್ನೊಂದು ತುದಿ ಹಿಡಿಯುವವರು ಬೇಕು.

ಎಚ್‌ಎಸ್‌ಪಿ-70 ಮತ್ತು ಅದರ ಬಳಗ ಆ ತುದಿ ಹಿಡಿಯುತ್ತವೆ. ಮಡಿಕೆ ಬಿಚ್ಚಿದ ಪ್ರೋಟೀನು ಮತ್ತೊಂದಕ್ಕೆ ಅಂಟದಂತೆ ತಡೆದು, ಮತ್ತೆ ಸರಿಯಾಗಿ ಮಡಿಚಿಕೊಳ್ಳಲು ಅವಕಾಶ ಕೊಡುತ್ತವೆ. ಸರಿಪಡಿಸಲಾಗದ್ದನ್ನು ಕಸಕ್ಕೆ ಕಳುಹಿಸಲು ನೆರವಾಗುತ್ತವೆ. ಹಿಂದೆ ಯುರೋಪಿನಲ್ಲಿ ತರುಣಿಯರು ಹೊರಗೆ ಹೋಗುವಾಗ ಬೇಡದ ಸಹವಾಸ ಆಗದಂತೆ ಜೊತೆಗೆ ಹೋಗುತ್ತಿದ್ದ ಹಿರಿಯ ಹೆಂಗಸನ್ನು ‘ಶಾಪೆರೋನ್’ ಎನ್ನುತ್ತಿದ್ದರು. ಬ್ರಿಟನ್ನಿನ ರಾನ್ ಲಾಸ್ಕಿ 1978ರಲ್ಲಿ ಬೇರೊಂದು ಪ್ರೋಟೀನಿಗೆ ಈ ಹೆಸರು ಬಳಸಿದ್ದರು. ಅಲ್ಲಿಯವರೇ ಆದ ಜಾನ್ ಎಲ್ಲಿಸ್ 1987ರಲ್ಲಿ ಅದನ್ನು ಈ ಇಡೀ ಬಳಗಕ್ಕೆ ಅನ್ವಯಿಸಿದರು. ಕಾವಲು ಪ್ರೋಟೀನು ಎಂದು ನಾವು ಕರೆಯಬಹುದು. ಇಂಥ ಪ್ರೋಟೀನುಗಳ ಕೆಲಸವನ್ನು ತೋರಿಸಿಕೊಟ್ಟ ಫ್ರಾಂಜ್ ಉಲ್ರಿಚ್ ಹಾರ್ಟ್ಲ್ ಮತ್ತು ಆರ್ಥರ್ ಹಾರ್ವಿಚ್ ಅವರಿಗೆ 2011ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಕರೆ ಕಳುಹಿಸುವವರು ಯಾರು?

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಾವು ನಗುತ್ತೇವೆ. ಜೀವಕೋಶ ಹಾಗಲ್ಲ. ಅದರಲ್ಲಿ ಬಾವಿ ಮೊದಲೇ ಸಿದ್ಧವಾಗಿದೆ. ಬೆಂಕಿ ಬಿದ್ದ ಕೂಡಲೇ ನೀರು ಸೇದಲು ಆಳುಗಳನ್ನು ಕರೆಯುವವರು ಬೇಕು. ಹೀಗೆ ಕರೆಯುವ ಪ್ರೋಟೀನಿನ ಕುರುಹುಗಳು 1984ರಲ್ಲಿ ನೊಣದ ಜೀವಕೋಶಗಳಲ್ಲಿ ಸಿಕ್ಕವು. ಮನುಷ್ಯನಲ್ಲಿ ಆ ಕೆಲಸ ಮಾಡುವ ಎಚ್‌ಎಸ್‌ಎಫ್-1 ವಂಶವಾಹಿಯನ್ನು ಕಾರ್ಲ್ ವೂ ಅವರ ತಂಡ 1991ರಲ್ಲಿ ಬೇರ್ಪಡಿಸಿತು. ಅದು ಇರುವುದು ನಮ್ಮ 8ನೆಯ ವರ್ಣತಂತುವಿನ ಮೇಲೆ. ಅದರ ಬರಹದಂತೆ ತಯಾರಾಗುವ ಪ್ರೋಟೀನಿನಲ್ಲಿ 529 ಅಮೈನೋ ಆಮ್ಲಗಳಿವೆ. ಪ್ರೋಟೀನಿಗೂ ಎಚ್‌ಎಸ್‌ಎಫ್-1 ಎಂದೇ ಹೆಸರು.

ಕಣ್ಣು, ಮೂಗು, ಚರ್ಮ ಯಾವುದೂ ಇಲ್ಲದ ಈ ಪ್ರೋಟೀನಿಗೆ ಸಂಕಟ ಬಂದದ್ದು ತಿಳಿಯುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಸೊಗಸಾಗಿದೆ. ಮದುವೆ ಮನೆಯ ಅಡುಗೆಯ ಮೇಲ್ವಿಚಾರಕನನ್ನು ನೆನೆಸಿಕೊಳ್ಳಿ. ಕೆಲಸ ಕಡಿಮೆ ಇದ್ದಾಗ ಆಳುಗಳು ಅವನ ಸುತ್ತ ಕೂತು ಹರಟುತ್ತಾರೆ. ಅವನಿಗೂ ಏಳಲು ಬಿಡುವುದಿಲ್ಲ. ಒಮ್ಮೆಗೇ ಪಂಕ್ತಿ ತುಂಬಿದಾಗ ಆಳುಗಳೆಲ್ಲ ಬಡಿಸಲು ಓಡುತ್ತಾರೆ. ಸುತ್ತ ಯಾರೂ ಉಳಿದಿಲ್ಲ ಎಂಬುದೇ ಅವನಿಗೆ ಸೂಚನೆ. ಅವನು ಎದ್ದು ಇನ್ನಷ್ಟು ಆಳುಗಳಿಗೆ ಹೇಳಿಕಳುಹಿಸುತ್ತಾನೆ. ಊಟ ಮುಗಿದು ಆಳುಗಳು ಮರಳಿ ಬಂದು ಸುತ್ತ ಕೂತಾಗ ಕರೆಯುವುದನ್ನು ನಿಲ್ಲಿಸುತ್ತಾನೆ.

ಎಚ್‌ಎಸ್‌ಎಫ್-1 ಮಾಡುವುದೂ ಇದನ್ನೇ. ಸಾಮಾನ್ಯ ದಿನಗಳಲ್ಲಿ ಎಚ್‌ಎಸ್‌ಪಿ-70, ಎಚ್‌ಎಸ್‌ಪಿ-90 ಮೊದಲಾದ ಕಾವಲು ಪ್ರೋಟೀನುಗಳು ಅದಕ್ಕೆ ಅಂಟಿಕೊಂಡು ಅದನ್ನು ಸುಮ್ಮನಿರಿಸುತ್ತವೆ. ಬಿಸಿಯಿಂದಲೋ ವಿಷದಿಂದಲೋ ಮಡಿಕೆ ಬಿಚ್ಚಿದ ಪ್ರೋಟೀನುಗಳು ಹೆಚ್ಚಾದಾಗ ಕಾವಲಿನವು ಅತ್ತ ಹೋಗುತ್ತವೆ. ಬಿಡುಗಡೆಯಾದ ಎಚ್‌ಎಸ್‌ಎಫ್-1 ಮೂರು ಮೂರಾಗಿ ಜೋಡಿಸಿಕೊಂಡು ಡಿಎನ್‌ಎಯ ನಿಗದಿತ ಜಾಗಗಳಲ್ಲಿ ಕೂರುತ್ತದೆ. ಆಗ ಕಾವಲು ಪ್ರೋಟೀನುಗಳ ವಂಶವಾಹಿಗಳು ಭರದಿಂದ ಕೆಲಸ ಆರಂಭಿಸುತ್ತವೆ. ರಿಟೋಸಾ ಕಂಡ ಉಬ್ಬುಗಳ ಹಿಂದಿದ್ದ ಕೈ ಇದೇ.

ನರಕೋಶದ ಸಂಕಟ

ಇನ್ನು ಮಿದುಳಿನ ಕಾಯಿಲೆಗಳತ್ತ ಬರೋಣ. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಜೈಮರ್ 1906ರಲ್ಲಿ, ಮರೆವು ಮತ್ತು ಗೊಂದಲದಿಂದ ಬಳಲಿ ಸತ್ತ ಮಹಿಳೆಯೊಬ್ಬರ ಮಿದುಳಿನಲ್ಲಿ ಕಂಡ ವಿಚಿತ್ರ ಗಂಟುಗಳನ್ನು ವರದಿ ಮಾಡಿದರು. ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ದುಂಡನೆಯ ಮುದ್ದೆಗಳನ್ನು ಫ್ರೆಡ್ರಿಕ್ ಲೆವಿ 1912ರಲ್ಲಿ ವರ್ಣಿಸಿದರು. ಈ ಗಂಟು, ಮುದ್ದೆಗಳು ಯಾವುದರಿಂದ ಆದವು ಎಂಬುದು ತಿಳಿಯಲು ಹಲವು ದಶಕಗಳೇ ಬೇಕಾದವು. ಆಲ್‌ಜೈಮರ್‌ನಲ್ಲಿ ಬೀಟಾ ಅಮಿಲಾಯ್ಡ್ ಮತ್ತು ಟೌ, ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬವು ಹೀಗೆ ಗಡ್ಡೆಕಟ್ಟುತ್ತವೆ. ಮೊಟ್ಟೆಯ ಲೋಳೆ ಒಲೆಯ ಮೇಲೆ ಕ್ಷಣದಲ್ಲಿ ಗಟ್ಟಿಯಾದರೆ, ಇಲ್ಲಿ ವರ್ಷಗಟ್ಟಲೆ ನಿಧಾನವಾಗಿ ಇದು ನಡೆಯುತ್ತದೆ.

ಈ ವಿಷಯದಲ್ಲಿ ಹೆಚ್ಚು ಸ್ಪಷ್ಟತೆ ತಂದದ್ದು ಹಂಟಿಂಗ್ಟನ್ ಎಂಬ ಆನುವಂಶಿಕ ರೋಗ. ಮಧ್ಯವಯಸ್ಸಿನಲ್ಲಿ ಕೈಕಾಲುಗಳು ಹತೋಟಿ ತಪ್ಪಿ ಕುಣಿದಂತೆ ಆಡತೊಡಗುತ್ತವೆ, ಬಳಿಕ ಬುದ್ಧಿಯೂ ಕುಂದುತ್ತದೆ. ಇದರ ವಂಶವಾಹಿ 1993ರಲ್ಲಿ ಪತ್ತೆಯಾಯಿತು. ಅದರಲ್ಲಿ ಸಿ, ಎ, ಜಿ ಎಂಬ ಮೂರಕ್ಷರಗಳು ತೊದಲಿದಂತೆ ಮತ್ತೆ ಮತ್ತೆ ಬರುತ್ತವೆ. ಈ ತೊದಲು 40ನ್ನು ಮುಟ್ಟಿದರೆ ಅಥವಾ ದಾಟಿದರೆ ರೋಗ ಖಚಿತ. ಇದರಿಂದ ಪ್ರೋಟೀನಿನಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಉದ್ದನೆಯ ಬಾಲ ಬೆಳೆದು ಅದು ಸರಿಯಾಗಿ ಮಡಿಚಿಕೊಳ್ಳಲಾರದು. ನಡಿಗೆ ತಪ್ಪಿಸುವ ಕೆಲವು ಅಟಾಕ್ಸಿಯಾ ರೋಗಗಳಿಗೂ ಇಂಥದೇ ತೊದಲು ಕಾರಣ.

ಹಾಗಾದರೆ ಎಚ್‌ಎಸ್‌ಎಫ್-1 ಎಚ್ಚರಗೊಂಡು ಕಾವಲಿನವರನ್ನು ಕರೆಯಬೇಕಿತ್ತಲ್ಲ? ತೊಡಕು ಇರುವುದೇ ಇಲ್ಲಿ. ಚರ್ಮದ ಜೀವಕೋಶ ಹಳತಾದರೆ ಉದುರಿ ಹೊಸದು ಬರುತ್ತದೆ. ನರಕೋಶ ಒಮ್ಮೆ ರೂಪುಗೊಂಡ ಮೇಲೆ ಒಡೆದು ಎರಡಾಗುವುದಿಲ್ಲ. ಎಪ್ಪತ್ತು ಎಂಬತ್ತು ವರ್ಷ ಅದೇ ಮನೆಯಲ್ಲಿ ಅದೇ ಸಂಸಾರ. ಕಸವನ್ನು ಪಾಲು ಮಾಡಿಕೊಳ್ಳಲು ಮರಿ ಜೀವಕೋಶಗಳಿಲ್ಲ. ಸಾಲದ್ದಕ್ಕೆ ಕೆಲವು ನರಕೋಶಗಳಲ್ಲಿ ಈ ಎಚ್ಚರಿಕೆ ವ್ಯವಸ್ಥೆ ತುಂಬ ಮಂದ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಬಿಸಿಗಾಗಲಿ ಕೆಟ್ಟ ಪ್ರೋಟೀನಿಗಾಗಲಿ ಸುಲಭವಾಗಿ ಓಗೊಡುವುದಿಲ್ಲ ಎಂದು 2003ರ ಅಧ್ಯಯನವೊಂದು ತೋರಿಸಿತು. ಎಎಲ್‌ಎಸ್ ಎಂಬ ರೋಗದಲ್ಲಿ ಸಾಯುವುದು ಇವೇ ನರಕೋಶಗಳು. ಹಂಟಿಂಗ್ಟನ್ ರೋಗದಲ್ಲಿ ಎಚ್‌ಎಸ್‌ಎಫ್-1 ಪ್ರೋಟೀನೇ ಅಕಾಲದಲ್ಲಿ ನಾಶವಾಗುತ್ತದೆ ಎಂದು ಅಮೆರಿಕದ ಡೆನಿಸ್ ಥೀಲೆ ಅವರ ತಂಡ 2017ರಲ್ಲಿ ವರದಿ ಮಾಡಿತು. ಕಳ್ಳರು ಬಂದ ಹೊತ್ತಿಗೆ ಕೂಗಿ ಹೇಳಬೇಕಾದವನೇ ಇಲ್ಲದ ಸ್ಥಿತಿ ಅದು.

ವಯಸ್ಸಿನ ಪಾತ್ರವೂ ಇದೆ. ಮಣ್ಣಿನಲ್ಲಿ ಬದುಕುವ ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿನಲ್ಲಿ ಈ ವಂಶವಾಹಿಯ ಹೆಚ್ಚುವರಿ ಪ್ರತಿಗಳನ್ನು ಸೇರಿಸಿದಾಗ ಅದರ ಆಯುಷ್ಯ ಹೆಚ್ಚಿತು, ವಂಶವಾಹಿಯನ್ನು ಅಡಗಿಸಿದಾಗ ಹುಳು ಬೇಗ ಮುಪ್ಪಾಯಿತು. ಇದನ್ನು ತೋರಿಸಿದವರು ಸಿಂಥಿಯಾ ಕೆನ್ಯನ್ ಅವರ ತಂಡ, 2003ರಲ್ಲಿ. ವಯಸ್ಸಾದಂತೆ ಈ ಎಚ್ಚರಿಕೆ ಮಸುಕಾಗುವುದನ್ನು ರಿಚರ್ಡ್ ಮೊರಿಮೊಟೊ ಅವರ ಬಳಗ ಅದೇ ಹುಳುವಿನಲ್ಲಿ ವಿವರವಾಗಿ ದಾಖಲಿಸಿದೆ. ಹುಟ್ಟಿನಿಂದಲೇ ಇರುವ ಕೆಟ್ಟ ವಂಶವಾಹಿ ಐವತ್ತು ವರ್ಷ ಸುಮ್ಮನಿದ್ದು ಬಳಿಕ ಏಕೆ ತೊಂದರೆ ಕೊಡುತ್ತದೆ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಉತ್ತರದ ಒಂದು ಭಾಗ ಸಿಗುತ್ತದೆ.

ನೊಣದ ಕಣ್ಣಿನಲ್ಲಿ ಕಂಡದ್ದು

ಕಾವಲು ಪ್ರೋಟೀನು ಹೆಚ್ಚಿಸಿದರೆ ನರಕೋಶ ಉಳಿದೀತೆ? ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಮತ್ತೆ ಹಣ್ಣಿನ ನೊಣದ ಬಳಿಗೇ ಬಂದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯಾನ್ಸಿ ಬೊನಿನಿ ಮತ್ತು ಅವರ ತಂಡ 1998ರಲ್ಲಿ ಮನುಷ್ಯನ ಅಟಾಕ್ಸಿಯಾ ರೋಗದ ವಂಶವಾಹಿಯ ಒಂದು ತುಣುಕನ್ನು ನೊಣದ ಕಣ್ಣಿನಲ್ಲಿ ಕೆಲಸ ಮಾಡುವಂತೆ ಸೇರಿಸಿತು. ನೊಣದ ಕೆಂಪು ಕಣ್ಣು ಬಣ್ಣಗೆಟ್ಟು ಕುಸಿಯಿತು. ಮರುವರ್ಷ ಅದೇ ನೊಣಗಳಿಗೆ ಮನುಷ್ಯನ ಎಚ್‌ಎಸ್‌ಪಿ-70 ಅನ್ನೂ ಕೊಟ್ಟು ನೋಡಿದಾಗ ಕಣ್ಣು ಬಹುಮಟ್ಟಿಗೆ ಉಳಿಯಿತು. ಅಚ್ಚರಿಯೆಂದರೆ ಪ್ರೋಟೀನಿನ ಮುದ್ದೆಗಳು ಕಣ್ಣಿಗೆ ಕಾಣುವಂತೆ ಕಡಿಮೆಯಾಗಿರಲಿಲ್ಲ. ಮುದ್ದೆಗಳು ಇದ್ದೂ ಜೀವಕೋಶ ಬದುಕಿತ್ತು. ನಿಜವಾದ ವಿಷ ದೊಡ್ಡ ಮುದ್ದೆಯಲ್ಲಿದೆಯೋ ಅದಕ್ಕೆ ಮೊದಲಿನ ಸಣ್ಣ ತುಣುಕುಗಳಲ್ಲಿದೆಯೋ ಎಂಬ ಚರ್ಚೆಗೆ ಈ ಪ್ರಯೋಗ ಬಲ ಕೊಟ್ಟಿತು. ಪಾರ್ಕಿನ್ಸನ್‌ಗೆ ಸಂಬಂಧಿಸಿದ ಆಲ್ಫಾ ಸೈನ್ಯೂಕ್ಲಿನ್‌ನಿಂದ ಸಾಯುವ ನರಕೋಶಗಳನ್ನೂ ಎಚ್‌ಎಸ್‌ಪಿ-70 ಕಾಪಾಡುತ್ತದೆ ಎಂದು 2002ರಲ್ಲಿ ಅವರ ತಂಡವೇ ತೋರಿಸಿತು.

ನೊಣದ ಈ ಕಥೆಯಲ್ಲಿ ಭಾರತದ ಪಾಲೂ ಇದೆ. ಕಲ್ಕತ್ತಾದಲ್ಲಿ ಸಂಶೋಧನೆ ಮಾಡುತ್ತಿದ್ದ ಸುಭಾಷ್ ಚಂದ್ರ ಲಖೋಟಿಯಾ, ತಮ್ಮ ಗುರು ಎ.ಎಸ್. ಮುಖರ್ಜಿ ಅವರೊಂದಿಗೆ 1970ರಲ್ಲಿ ಒಂದು ವಿಶೇಷವನ್ನು ಗುರುತಿಸಿದರು. ಬೆಂಜಮೈಡ್ ಎಂಬ ರಾಸಾಯನಿಕ ಸೋಕಿಸಿದಾಗ ಬಿಸಿಗೆ ಏಳುವ ಉಬ್ಬುಗಳ ಪೈಕಿ ‘93ಡಿ’ ಎಂಬ ಒಂದು ಮಾತ್ರ ಏಳುತ್ತಿತ್ತು. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದ ಅವರು ಈ ಒಂದು ಉಬ್ಬಿನ ಬೆನ್ನುಹತ್ತಿ ದಶಕಗಳನ್ನೇ ಕಳೆದರು. ಅಲ್ಲಿರುವ ವಂಶವಾಹಿಗೆ ಎಚ್‌ಎಸ್‌ಆರ್-ಒಮೆಗಾ ಎಂದು ಹೆಸರು. ಉಳಿದ ವಂಶವಾಹಿಗಳಂತೆ ಇದರ ಕೆಲಸ ಪ್ರೋಟೀನು ತಯಾರಿಸುವುದಲ್ಲ. ಇದರಿಂದ ಬರುವ ಆರ್‌ಎನ್‌ಎ ತಾನೇ ಜೀವಕೋಶದ ಕೇಂದ್ರದಲ್ಲಿ ಕುಳಿತು ಹಲವು ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರೋಟೀನು ತಯಾರಿಸದ ಆರ್‌ಎನ್‌ಎಗೆ ಹೆಚ್ಚಿನ ಬೆಲೆಯಿಲ್ಲ ಎಂದು ಭಾವಿಸಿದ್ದ ಕಾಲದಲ್ಲಿ ಹೀಗೆ ಪಟ್ಟುಹಿಡಿದು ಕೂತದ್ದು ಸಣ್ಣ ಮಾತಲ್ಲ. ಗ್ಲುಟಮಿನ್ ಬಾಲದ ರೋಗ ತಂದ ನೊಣಗಳಲ್ಲಿ ಈ ಆರ್‌ಎನ್‌ಎಯನ್ನು ತಗ್ಗಿಸಿದರೆ ನರಕೋಶಗಳ ನಾಶವೂ ತಗ್ಗುತ್ತದೆ ಎಂದು ವಾರಾಣಸಿಯ ಈ ತಂಡ 2009ರಲ್ಲಿ ಪ್ರಕಟಿಸಿತು.

ಇಲ್ಲೊಂದು ಸೂಕ್ಷ್ಮವಿದೆ. ಎಚ್‌ಎಸ್‌ಪಿ-70 ಹೆಚ್ಚಿಸಿದರೆ ಒಳ್ಳೆಯದಾಯಿತು. ಎಚ್‌ಎಸ್‌ಆರ್-ಒಮೆಗಾ ಕಡಿಮೆ ಮಾಡಿದರೆ ಒಳ್ಳೆಯದಾಯಿತು. ಎರಡೂ ಒಂದೇ ಕಾವಿಗೆ ಎಚ್ಚರಗೊಳ್ಳುವ ವಂಶವಾಹಿಗಳೇ. ಹಾಗಾಗಿ ‘ಎಚ್ಚರಿಕೆಯ ಗಂಟೆಯನ್ನು ಜೋರಾಗಿ ಬಾರಿಸಿದರೆ ರೋಗ ವಾಸಿ’ ಎಂಬ ಸುಲಭ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಕಳ್ಳನಿಗೂ ಕಾವಲು

ಈ ಲೆಕ್ಕ ಇನ್ನಷ್ಟು ತೊಡಕಾದದ್ದು 2007ರಲ್ಲಿ. ಅಮೆರಿಕದ ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡ ಎಚ್‌ಎಸ್‌ಎಫ್-1 ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಕಾವಲುಗಾರನಿಲ್ಲದ ಇಲಿಗಳಿಗೆ ಕ್ಯಾನ್ಸರ್ ಸುಲಭವಾಗಿ ಬರಬೇಕು ಎಂದು ಯಾರಾದರೂ ಊಹಿಸಬಹುದು. ಆದದ್ದು ತದ್ವಿರುದ್ಧ. ಕ್ಯಾನ್ಸರ್ ತರುವ ರಾಸಾಯನಿಕ ಹಚ್ಚಿದರೂ ಅವುಗಳಲ್ಲಿ ಗಡ್ಡೆಗಳು ಕಡಿಮೆ ಬೆಳೆದವು.

ಕಾರಣವನ್ನು ಯೋಚಿಸಿದರೆ ಹೊಳೆಯುತ್ತದೆ. ಕ್ಯಾನ್ಸರ್ ಜೀವಕೋಶ ಅಂಕೆಯಿಲ್ಲದೆ ಬೆಳೆಯುವಾಗ ಅದರೊಳಗೂ ಕೆಟ್ಟ ಮಡಿಕೆಯ ಪ್ರೋಟೀನುಗಳು ತುಂಬುತ್ತವೆ. ಆ ಒತ್ತಡವನ್ನು ತಾಳಿಕೊಳ್ಳಲು ಅದು ಎಚ್‌ಎಸ್‌ಎಫ್-1 ಅನ್ನೇ ಆಶ್ರಯಿಸುತ್ತದೆ. ಕಾವಲುಗಾರನಿಗೆ ಸಂಕಟದಲ್ಲಿರುವವರನ್ನು ಕಾಯುವುದಷ್ಟೇ ಗೊತ್ತು. ಕಾಯುತ್ತಿರುವುದು ಮನೆಯ ಯಜಮಾನನನ್ನೋ ಕಳ್ಳನನ್ನೋ ಎಂಬುದು ಅವನಿಗೆ ತಿಳಿಯದು. ಮರೆಗುಳಿ ಕಾಯಿಲೆಗೆಂದು ವರ್ಷಗಟ್ಟಲೆ ಈ ವಂಶವಾಹಿಯನ್ನು ಕೆರಳಿಸುವ ಮಾತ್ರೆ ಕೊಟ್ಟರೆ, ದೇಹದ ಇನ್ನೊಂದು ಮೂಲೆಯಲ್ಲಿ ಅಡಗಿರುವ ಗಡ್ಡೆಗೂ ಅದು ಅನ್ನ ಹಾಕಿದಂತಾಗಬಹುದು. ರೋಗಿಗಳಲ್ಲಿ ಹೆಚ್ಚಿನವರು ವಯಸ್ಸಾದವರಾದ್ದರಿಂದ ಈ ಭಯ ಬರಿಯ ಕಲ್ಪನೆಯಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಔಷಧದ ಹಾದಿ

ಈ ಕಷ್ಟವನ್ನು ದಾಟಲು ಒಂದು ಉಪಾಯವಿದೆ. ನೆಮ್ಮದಿಯಾಗಿರುವ ಜೀವಕೋಶಗಳನ್ನು ಮುಟ್ಟದೆ, ಈಗಾಗಲೇ ಸಂಕಟದಲ್ಲಿರುವ ಜೀವಕೋಶಗಳಲ್ಲಿ ಮಾತ್ರ ಎಚ್ಚರಿಕೆಯನ್ನು ಹೆಚ್ಚಿಸುವುದು. ಇಂಥ ಗುಣ ತೋರಿದ್ದು ಹಂಗೆರಿಯಲ್ಲಿ ಹುಟ್ಟಿದ ಅರಿಮೊಕ್ಲೊಮಾಲ್ ಎಂಬ ಔಷಧ. ಎಚ್ಚರಗೊಂಡ ಎಚ್‌ಎಸ್‌ಎಫ್-1 ಇನ್ನಷ್ಟು ಹೊತ್ತು ಕೆಲಸದಲ್ಲಿ ನಿಲ್ಲುವಂತೆ ಅದು ಮಾಡುತ್ತದೆ ಎಂದು ವಿಜ್ಞಾನಿಗಳು ಭಾವಿಸಿದರು. ಎಎಲ್‌ಎಸ್ ತಂದ ಇಲಿಗಳಿಗೆ ಇದನ್ನು ಕೊಟ್ಟಾಗ ಅವುಗಳ ಆಯುಷ್ಯ ಶೇಕಡ 22ರಷ್ಟು ಹೆಚ್ಚಿತು ಎಂದು ಲಂಡನ್ನಿನ ಲಿಂಡಾ ಗ್ರೀನ್‌ಸ್ಮಿತ್ ಮತ್ತು ಜೊತೆಗಾರರು 2004ರಲ್ಲಿ ವರದಿ ಮಾಡಿದರು. ಎಎಲ್‌ಎಸ್ ರೋಗಿಗಳಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ಉಸಿರಾಟದ ಸ್ನಾಯುಗಳೂ ಸೋತು ಸಾಯುತ್ತಾರೆ. ಅವರ ಮನೆಯವರಿಗೆ ಈ ಸುದ್ದಿ ಎಷ್ಟು ದೊಡ್ಡದಾಗಿ ಕಂಡಿರಬೇಕೆಂದು ಊಹಿಸಬಹುದು.

ಆದರೆ ಇಲಿ ಬೇರೆ, ಮನುಷ್ಯ ಬೇರೆ. ಎಎಲ್‌ಎಸ್ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2021ರಲ್ಲಿ ಹೊರಬಂದಾಗ ಔಷಧ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಸ್ನಾಯುಗಳ ಇನ್ನೊಂದು ಕಾಯಿಲೆಯ ಪರೀಕ್ಷೆಯಲ್ಲೂ ಅದು ಸೋತಿತು.

ಔಷಧದ ಕಥೆ ಅಲ್ಲಿಗೆ ಮುಗಿಯಲಿಲ್ಲ. ನೀಮನ್-ಪಿಕ್ ಸಿ ಎಂಬುದು ಬಹಳ ಅಪರೂಪದ ಆನುವಂಶಿಕ ರೋಗ. ಜೀವಕೋಶದೊಳಗೆ ಕೊಲೆಸ್ಟರಾಲ್ ಸಾಗಿಸುವ ಪ್ರೋಟೀನು ಕೆಟ್ಟು, ಕೊಬ್ಬು ಅಲ್ಲೇ ಶೇಖರವಾಗಿ ನರಕೋಶಗಳು ಸಾಯುತ್ತವೆ. ಬಹಳ ಸಲ ಇದು ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತದೆ. ನಡೆಯುತ್ತಿದ್ದ ಮಗು ಎಡವತೊಡಗುತ್ತದೆ, ಮಾತು ತೊದಲುತ್ತದೆ, ನುಂಗಲೂ ಕಷ್ಟವಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಒಮ್ಮೆ ನಿರಾಕರಿಸಿದ್ದರೂ, 2024ರ ಸೆಪ್ಟೆಂಬರಿನಲ್ಲಿ ಇದೇ ಅರಿಮೊಕ್ಲೊಮಾಲ್‌ಗೆ ಮತ್ತೊಂದು ಔಷಧದ ಜೊತೆಯಲ್ಲಿ ಕೊಡಲು ಒಪ್ಪಿಗೆ ನೀಡಿತು. ಆ ರೋಗಕ್ಕೆಂದು ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಅದು. ರೋಗವನ್ನು ಅದು ವಾಸಿ ಮಾಡುವುದಿಲ್ಲ; ಅದರ ನಡಿಗೆಯನ್ನು ನಿಧಾನಗೊಳಿಸುತ್ತದೆ. ಔಷಧ ದೇಹದೊಳಗೆ ನಿಖರವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಇನ್ನೂ ಇತ್ಯರ್ಥವಾಗಿಲ್ಲ. ಅದರ ಹಿಂದಿದ್ದ ಮೂಲ ವಿಚಾರ ಮಾತ್ರ ಕಾವಿನ ಆಘಾತದ ಸಂಶೋಧನೆಯಿಂದಲೇ ಬಂದದ್ದು.

ಇಷ್ಟನ್ನು ಓದಿ ಯಾರೂ ಮರೆವಿಗೆ ಬಿಸಿನೀರಿನ ಸ್ನಾನವೇ ಮದ್ದು ಎಂದು ತೀರ್ಮಾನಿಸಬೇಕಿಲ್ಲ. ನೊಣದ ಕಣ್ಣಿನಿಂದ ಮನುಷ್ಯನ ಮಿದುಳಿಗೆ ಇರುವ ದೂರ ಎಷ್ಟೆಂಬುದನ್ನು 2021ರ ಸೋಲುಗಳೇ ಹೇಳುತ್ತವೆ. ಯಾವ ನರಕೋಶದಲ್ಲಿ, ರೋಗದ ಯಾವ ಹಂತದಲ್ಲಿ, ಎಷ್ಟು ಹೊತ್ತು ಈ ಕಾವಲುಗಾರನನ್ನು ಎಬ್ಬಿಸಬೇಕು ಎಂಬುದೇ ಈಗಿನ ಪ್ರಶ್ನೆ. ಮೊದಲಿಗೆ ಕೇಳುತ್ತಿದ್ದ ‘ಎಬ್ಬಿಸುವುದು ಹೇಗೆ’ ಎಂಬ ಪ್ರಶ್ನೆಗಿಂತ ಇದು ಕಠಿಣವಾದದ್ದು.

ರಿಟೋಸಾ 2014ರಲ್ಲಿ ತೀರಿಕೊಂಡರು. ಅವರ ಲೇಖನವನ್ನು ಹಿಂದಿರುಗಿಸಿದ ಪತ್ರಿಕೆಯನ್ನು ಇಂದು ದೂರುವುದು ಸುಲಭ. 1962ರಲ್ಲಿ ನಿಂತು ನೋಡಿದರೆ, ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ಎದ್ದ ಉಬ್ಬಿಗೂ ವೃದ್ಧರ ಮರೆವಿಗೂ ಸಂಬಂಧ ಕಲ್ಪಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ರಿಟೋಸಾ ಅವರಿಂದಲೂ ಸಹ. ಉಪಯೋಗವೇನು ಎಂದು ಮೊದಲೇ ಕೇಳಿ ಹಣ ಕೊಡುವ ಪದ್ಧತಿ ಎಲ್ಲ ದೇಶಗಳಲ್ಲೂ ಬೆಳೆಯುತ್ತಿರುವ ಈ ದಿನಗಳಲ್ಲಿ, ನೇಪಲ್ಸ್ ಮತ್ತು ವಾರಾಣಸಿಯ ಪ್ರಯೋಗಾಲಯಗಳಲ್ಲಿ ನೊಣ ಸಾಕುತ್ತ ಕೂತವರ ಕೆಲಸವನ್ನು ನೆನೆಯಬೇಕಾದದ್ದು ಇದಕ್ಕಾಗಿಯೇ. ನೀಮನ್-ಪಿಕ್ ರೋಗದ ಮಗುವೊಂದು ಇನ್ನೊಂದಷ್ಟು ಕಾಲ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ ಎಂದಾದರೆ, ಅದರ ಹಿಂದೆ ಅರವತ್ತು ವರ್ಷಗಳ ಇಂಥ ಕೆಲಸವಿದೆ.